ಗರ್ಭಕಂಠದ ಅರ್ಬುದ ಮತ್ತು ವೈರಾಣುವಿನ ವಂಶವಾಹಿಗಳು

ನಮ್ಮ ದೇಶದ ಸ್ತ್ರೀಯರನ್ನು ಬಾಧಿಸುವ ಅರ್ಬುದ ರೋಗಗಳಲ್ಲಿ ಗರ್ಭಕಂಠದ ಅರ್ಬುದವು ಪ್ರಮುಖವಾದುದು. ಅಂತರರಾಷ್ಟ್ರೀಯ ಅಂದಾಜಿನಂತೆ 2020ರ ಒಂದೇ ವರ್ಷದಲ್ಲಿ ಭಾರತದ ಸುಮಾರು 1,24,000 ಸ್ತ್ರೀಯರು ಇದಕ್ಕೆ ತುತ್ತಾದರು. ಸುಮಾರು 77,000 ಮಂದಿ ಅಸುನೀಗಿದರು. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯ ವೈದ್ಯರಿಗೆ ಇದು ಚಿರಪರಿಚಿತವಾದ ವ್ಯಾಧಿ.

ವೈರಾಣುವಿನಿಂದ ಅರ್ಬುದವು ಉಂಟಾಗಬಹುದೆಂಬುದನ್ನು 1911ರಲ್ಲಿ ಪೇಟನ್ ರೌಸ್ ಅವರು ಕೋಳಿಗಳಲ್ಲಿ ತೋರಿಸಿಕೊಟ್ಟರು. 1983ರಲ್ಲಿ ಜರ್ಮನಿಯ ಹೆರಾಲ್ಡ್ ಟ್ಸುರ್ ಹೌಸೆನ್ ಅವರ ತಂಡವು ಗರ್ಭಕಂಠದ ಅರ್ಬುದದಲ್ಲಿ ಪ್ಯಾಪಿಲೋಮಾ ವೈರಾಣುವಿನ 16ನೆಯ ಬಗೆಯನ್ನೂ ಮರುವರ್ಷ 18ನೆಯ ಬಗೆಯನ್ನೂ ಗುರುತಿಸಿತು. ಈ ಸಾಧನೆಗಾಗಿ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಈ ವೈರಾಣುವಿನಲ್ಲಿರುವ ವಂಶವಾಹಿಗಳು ಎಂಟೇ ಎಂಟು. ಅವುಗಳಲ್ಲಿ ಇ6 ಮತ್ತು ಇ7 ಎಂಬವು ಅಪಾಯಕಾರಿ. ನಮ್ಮ ಜೀವಕೋಶವು ಮಿತಿಮೀರಿ ವಿಭಜನೆಗೊಳ್ಳದಂತೆ ಪಿ53 ಮತ್ತು ಆರ್‌ಬಿ ಎಂಬ ಪ್ರೋಟೀನುಗಳು ಕಡಿವಾಣ ಹಾಕಿರುತ್ತವೆ. ಇ6 ಮೊದಲನೆಯದನ್ನು ನಾಶಪಡಿಸುತ್ತದೆ. ಇ7 ಎರಡನೆಯದನ್ನು ನಿಷ್ಕ್ರಿಯಗೊಳಿಸುತ್ತದೆ. ಇವೆರಡರ ಉತ್ಪಾದನೆಯನ್ನು ಹತೋಟಿಯಲ್ಲಿಡುವುದು ವೈರಾಣುವಿನದೇ ಆದ ಇ2 ವಂಶವಾಹಿ. ಆದರೆ ವೈರಾಣುವಿನ ಡಿಎನ್‌ಎ ನಮ್ಮ ವರ್ಣತಂತುವಿನೊಳಗೆ ಬೆಸೆದುಕೊಳ್ಳುವಾಗ ಇ2 ಅನೇಕ ವೇಳೆ ಮುರಿದುಹೋಗುತ್ತದೆ. ಆಗ ಇ6, ಇ7ಗಳಿಗೆ ತಡೆಯೇ ಇಲ್ಲದಂತಾಗುತ್ತದೆ.

1951ರಲ್ಲಿ ಅಮೆರಿಕೆಯ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗಡ್ಡೆಯಿಂದ ತೆಗೆದ ಹೀಲಾ ಜೀವಕೋಶಗಳು ಇಂದಿಗೂ ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಿವೆ. ಅವುಗಳಲ್ಲಿರುವುದು 18ನೆಯ ಬಗೆಯ ವೈರಾಣುವಿನ ಡಿಎನ್‌ಎ. ಆ ಕೋಶಗಳಿಗೆ ಇ2 ವಂಶವಾಹಿಯನ್ನು ಮರಳಿ ಸೇರಿಸಿದಾಗ ಇ6, ಇ7ಗಳು ಮೌನ ತಾಳಿದವು. ಕೋಶಗಳ ಬೆಳವಣಿಗೆಯೂ ನಿಂತಿತು. ಎಂದರೆ, ಹಲವು ದಶಕಗಳ ಅನಂತರವೂ ಆ ಕೋಶಗಳು ವೈರಾಣುವಿನ ಆಜ್ಞೆಯನ್ನೇ ಅವಲಂಬಿಸಿದ್ದವು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ವೈರಾಣುವಿನ ಹೊರಕವಚವನ್ನು ನಿರ್ಮಿಸುವ ಎಲ್1 ವಂಶವಾಹಿಯು ಅರ್ಬುದ ಕೋಶಗಳಲ್ಲಿ ಸಾಮಾನ್ಯವಾಗಿ ಮೌನವಾಗಿರುತ್ತದೆ. ಲಸಿಕೆಯನ್ನು ತಯಾರಿಸುವುದಾದರೋ ಇದೇ ಎಲ್1 ಪ್ರೋಟೀನಿನಿಂದ. ಆದುದರಿಂದ ಲಸಿಕೆಯು ವೈರಾಣುವಿನ ಪ್ರವೇಶವನ್ನು ತಡೆಯಬಲ್ಲುದೇ ಹೊರತು, ಈಗಾಗಲೇ ರೂಪಾಂತರ ಹೊಂದಿದ ಕೋಶವನ್ನು ಗುಣಪಡಿಸಲಾರದು. 9ರಿಂದ 14 ವರ್ಷದೊಳಗೇ ಲಸಿಕೆ ಕೊಡಿಸಬೇಕೆನ್ನುವುದರ ಮರ್ಮ ಇದೇ. ಪುಣೆಯ ಸೀರಮ್ ಸಂಸ್ಥೆಯ ‘ಸರ್ವಾವ್ಯಾಕ್’ ಎಂಬ ಸ್ವದೇಶೀ ಲಸಿಕೆಯು 2023ರಲ್ಲಿ ಬಳಕೆಗೆ ಬಂದಿತು.

ಸೋಂಕು ತಗುಲಿದವರಲ್ಲಿ ಬಹುಪಾಲು ಮಂದಿಗೆ ಅದು ಒಂದೆರಡು ವರ್ಷಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಉಳಿದುಕೊಂಡ ಸೋಂಕು ಅರ್ಬುದವಾಗಲು ಸಾಮಾನ್ಯವಾಗಿ ಹದಿನೈದು, ಇಪ್ಪತ್ತು ವರ್ಷಗಳು ಬೇಕು. ಆದಕಾರಣ ಮೂವತ್ತು ದಾಟಿದ ತಾಯಂದಿರು ಕಾಲಕಾಲಕ್ಕೆ ತಪಾಸಣೆ ಮಾಡಿಸಿಕೊಂಡರೆ ರೋಗವನ್ನು ಮೊದಲ ಹಂತದಲ್ಲೇ ತಡೆಯಬಹುದು.

ಲಸಿಕೆಗೆ ತಕ್ಕ ವಯಸ್ಸು ಶಾಲೆಯ ವಯಸ್ಸೇ ಆಗಿದೆ. ಹೊನ್ನಾಳಿ ಸೀಮೆಯ ಹಳ್ಳಿಗಳಿಂದ ಬರುವ ಬಾಲಕಿಯರಿಗೂ ಅವರ ಹೆತ್ತವರಿಗೂ ಈ ತಿಳಿವಳಿಕೆಯನ್ನು ಸಂಕೋಚವಿಲ್ಲದೆ ತಲುಪಿಸುವುದು ಅಧ್ಯಾಪಕರ ಕಾಯಕ. ಅದಕ್ಕೆ ನೆರವಾಗುವುದು ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ದಾಸೋಹ. ಅನ್ನ, ಅಕ್ಷರಗಳೊಡನೆ ಆರೋಗ್ಯವೂ ಸೇರಿದಾಗಲೇ ಆ ದಾಸೋಹವು ಪೂರ್ಣವಾಗುವುದು.