ಒಂದು ಗೋಡೆ, ನೂರಾರು ಕೈಗಳು

ದೀಪಾವಳಿಗೆ ಅಂಗಳದಲ್ಲಿ ಚುಕ್ಕಿ ರಂಗೋಲಿ ಹಾಕುವುದನ್ನು ನೀವೆಲ್ಲ ನೋಡಿದ್ದೀರಿ. ಮೊದಲು ಚುಕ್ಕಿ, ಆಮೇಲೆ ಗೆರೆ. ಚುಕ್ಕಿ ಸರಿಯಾಗಿ ಬಿದ್ದರೆ ರಂಗೋಲಿ ಎಷ್ಟೇ ದೊಡ್ಡದಾದರೂ ಸೊಟ್ಟ ಆಗೂದಿಲ್ಲ. ಶಾಲೆಯ ಮಕ್ಕಳೆಲ್ಲ ಕೂಡಿ ದೊಡ್ಡ ಚಿತ್ರ ಬರೆಯುವ ಗುಟ್ಟೂ ಇದೇ.

1937ರ ಏಪ್ರಿಲ್ 26ರಂದು ಸ್ಪೇನ್ ದೇಶದ ಗೆರ್ನಿಕಾ ಎಂಬ ಊರಿನ ಮೇಲೆ ವಿಮಾನಗಳು ಬಾಂಬು ಸುರಿದವು. ಆ ಸಂಕಟವನ್ನು ಪಿಕಾಸೊ ಅದೇ ವರ್ಷ ಬಹು ದೊಡ್ಡ ಚಿತ್ರವಾಗಿ ಬರೆದರು. ಎರಡನೆಯ ಮಹಾಯುದ್ಧ ಮುಗಿದು 50 ವರ್ಷವಾದ 1995ರಲ್ಲಿ ಜಪಾನಿನಲ್ಲಿ ‘ಕಿಡ್ಸ್ ಗೆರ್ನಿಕಾ’ ಎಂಬ ಕಾರ್ಯ ಶುರುವಾಯಿತು. ಮಕ್ಕಳು ಕೂಡಿ ಪಿಕಾಸೊ ಚಿತ್ರದಷ್ಟೇ ದೊಡ್ಡ ಬಟ್ಟೆಯ ಮೇಲೆ, ಅಂದರೆ 3.5 ಮೀಟರ್ ಎತ್ತರ, 7.8 ಮೀಟರ್ ಉದ್ದದ ಬಟ್ಟೆಯ ಮೇಲೆ, ಶಾಂತಿಯ ಚಿತ್ರ ಬರೆಯಬೇಕು. ಅನೇಕ ದೇಶಗಳ ಮಕ್ಕಳು ಹೀಗೆ ಬರೆದಿದ್ದಾರೆ.

ಅಮೆರಿಕದ ಲಾಸ್ ಏಂಜಲೀಸಿನಲ್ಲಿ 1976ರಿಂದ ಕಲಾವಿದೆ ಜುಡಿತ್ ಬಾಕಾ ಅವರ ಜೊತೆ 400ಕ್ಕೂ ಹೆಚ್ಚು ಹುಡುಗ ಹುಡುಗಿಯರು ಒಂದು ಕಾಲುವೆಯ ಗೋಡೆಯ ಮೇಲೆ ತಮ್ಮ ನಾಡಿನ ಚರಿತ್ರೆ ಬರೆದರು. ಕಾನೂನಿನ ತೊಡಕಿಗೆ ಸಿಕ್ಕಿದ್ದ ಮಕ್ಕಳೂ ಅವರಲ್ಲಿದ್ದರು. ಚಿತ್ರ ಸುಮಾರು ಅರ್ಧ ಮೈಲಿ ಉದ್ದವಾಯಿತು.

ಅನಂತಪುರದಂಥ ಊರಿನ ಶಾಲೆಯಲ್ಲಿ ಇದು ಸಾಧ್ಯವೇ? ಖಂಡಿತ ಸಾಧ್ಯ. 6 ಮೀಟರ್ ಉದ್ದ, 2 ಮೀಟರ್ ಎತ್ತರದ ಗೋಡೆ ಇದ್ದರೆ ಸಾಕು. ಮಕ್ಕಳು ಮೊದಲು 60 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ ಹಾಳೆಯಲ್ಲಿ ಚಿತ್ರ ಬರೆಯಲಿ. ಅದರ ಮೇಲೆ 5 ಸೆಂ.ಮೀ. ಚೌಕಗಳನ್ನು ಎಳೆಯಿರಿ. ಗೋಡೆಯ ಮೇಲೆ ಅರ್ಧ ಮೀಟರ್ ಚೌಕಗಳನ್ನು ಎಳೆಯಿರಿ. ಎರಡರಲ್ಲೂ 48 ಚೌಕ. ಹಾಳೆಯ ಒಂದು ಚೌಕದಲ್ಲಿ ಇರುವುದನ್ನೇ ಗೋಡೆಯ ಅದೇ ಚೌಕದಲ್ಲಿ ಹತ್ತು ಪಟ್ಟು ದೊಡ್ಡದಾಗಿ ಬರೆದರಾಯಿತು. ಗಣಿತದ ಪ್ರಮಾಣ ಪಾಠವೂ ಆಯಿತು!

“ನಮ್ಮ ಹುಡುಗಗ ಚಿತ್ರ ಬರೂದಿಲ್ರೀ” ಎನ್ನುವ ಪಾಲಕರು ಚಿಂತಿಸಬೇಕಿಲ್ಲ. ಒಂದು ಚೌಕದಲ್ಲಿ ಇರುವುದು ಎತ್ತಿನ ಕೋಡಿನ ಒಂದು ತುಣುಕು, ಇಲ್ಲವೇ ಬರೀ ಆಕಾಶ. ಆದರೆ ಒಂದು ಮಾತು. ಎತ್ತಿನ ಬೆನ್ನಿನ ಗೆರೆ ಒಂದು ಚೌಕದಿಂದ ಇನ್ನೊಂದಕ್ಕೆ ದಾಟುತ್ತದೆ. ಪಕ್ಕದ ಚೌಕದವರನ್ನು ಕೇಳದೆ ಅದನ್ನು ಮುಗಿಸಲು ಬರುವುದಿಲ್ಲ. ಮನೆಯಲ್ಲಿ ಕನ್ನಡ ಮಾತಾಡುವ ಮಗು, ಮರಾಠಿ ಮಾತಾಡುವ ಮಗು, ಜಗಳವಾಡಿದ ಇಬ್ಬರು, ಎಲ್ಲರೂ ಮಾತಾಡಲೇಬೇಕಾಗುತ್ತದೆ. ಕೂಡಿ ಬಾಳುವ ಪಾಠ ಇಲ್ಲಿ ಉಪದೇಶವಲ್ಲ, ಕೆಲಸ.

ಹೆಚ್ಚಿನ ಕಡೆ ಆಗುವ ತಪ್ಪು ಯಾವುದು? ಚೆನ್ನಾಗಿ ಬರೆಯುವ ನಾಲ್ವರು ಕುಂಚ ಹಿಡಿಯುತ್ತಾರೆ, ಉಳಿದವರು ನೀರು ತರುತ್ತಾರೆ, ಹೆಣ್ಣುಮಕ್ಕಳು ಕಸ ಗುಡಿಸುತ್ತಾರೆ. ಹೀಗಾದರೆ ಗೋಡೆ ಚೆಂದ ಕಂಡೀತು, ಮಕ್ಕಳು ಕಲಿಯುವುದಿಲ್ಲ. ಆದ್ದರಿಂದ ಚೌಕಗಳನ್ನು ಚೀಟಿ ಎತ್ತಿ ಹಂಚಿರಿ. ಕಬ್ಬಿನ ಹಂಗಾಮಿನಲ್ಲಿ ತಂದೆ ತಾಯಿಯ ಜೊತೆ ಊರು ಬಿಟ್ಟ ಮಗುವಿಗೂ ಒಂದು ಚೌಕ ಇರಲಿ. ಅದನ್ನು ಬೇರೆ ಯಾರೂ ತುಂಬಬಾರದು. ಗೋಡೆಯ ಮೇಲಿನ ಆ ಖಾಲಿ ಜಾಗ ದಿನಾಲೂ ಕೇಳುತ್ತದೆ: ಈ ಮಗು ಎಲ್ಲಿ? ಯಾವಾಗ ಶಾಲೆಗೆ ಬರುತ್ತದೆ?

ಬಣ್ಣದ ಬಗ್ಗೆ ಎಚ್ಚರ ಬೇಕು. ಸೀಸ ಬೆರೆತ ಬಣ್ಣ ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ 2017ರ ನವೆಂಬರಿನಿಂದ ನಮ್ಮ ದೇಶದಲ್ಲಿ ಜಾರಿಯಲ್ಲಿದೆ. ಡಬ್ಬಿಯ ಮೇಲಿನ ಬರಹ ನೋಡಿ, ನೀರಿನಲ್ಲಿ ಕಲಸುವ ಬಣ್ಣವನ್ನೇ ತನ್ನಿರಿ. ಹಳೆಯ ಎಣ್ಣೆಬಣ್ಣವನ್ನು ಮಕ್ಕಳಿಂದ ಕೆರೆಸಬೇಡಿ. ಮಳೆಗಾಲ ಮುಗಿದು ಗೋಡೆ ಒಣಗಿದ ಮೇಲೆ ಕೆಲಸ ಹಿಡಿಯಿರಿ. ಮೇಲಿನ ಸಾಲು ದೊಡ್ಡವರ ನೆರವಿನಿಂದ ಆಗಲಿ.

ಯಾವ ಚಿತ್ರ ಬರೆಯಬೇಕು ಎನ್ನುವುದನ್ನು ಮಕ್ಕಳೇ ಗೊತ್ತು ಮಾಡಲಿ. ಎಸ್.ಡಿ.ಎಂ.ಸಿ. ಸದಸ್ಯರು, ಸ್ವಸಹಾಯ ಸಂಘದ ತಾಯಂದಿರು ಒಂದು ದಿನ ಶಾಲೆಗೆ ಬರಲಿ. ನೇರವಾಗಿ ಚುಕ್ಕಿ ಇಡುವ ವಿದ್ಯೆ ಅವರ ಕೈಯಲ್ಲೇ ಇದೆ.