ಕ್ಯಾಸನೂರು ಕಾಡಿನಿಂದ ಪುಣೆಯ ಲ್ಯಾಬಿಗೆ

1957ರ ಬೇಸಿಗೆ ಕಾಲಿಡುವ ಹೊತ್ತಿಗೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸಾಯತೊಡಗಿದವು. ಕಾಡಂಚಿನ ಊರುಗಳಲ್ಲಿ ಜನರಿಗೂ ಜ್ವರ. ತಲೆ ಸಿಡಿಯುವ ನೋವು, ಮೈಕೈ ಹಿಡಿತ, ಕೆಲವರಿಗೆ ಮೂಗಿನಲ್ಲಿ, ವಸಡಿನಲ್ಲಿ ರಕ್ತ. ಜನ ಇದನ್ನು ಕರೆದದ್ದು ‘ಮಂಗನ ಕಾಯಿಲೆ’ ಎಂದು. ರೋಗದ ಅರ್ಧ ಗುಟ್ಟು ಆ ಹೆಸರಿನಲ್ಲೇ ಇತ್ತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಕೂಡಿ 1952ರಲ್ಲಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ತೆರೆದಿದ್ದವು. ಮಂಗಗಳು ಸಾಯುತ್ತಿವೆ ಎಂಬ ಸುದ್ದಿ ಕೇಳಿ ಅಲ್ಲಿನವರಿಗೆ ಹಳದಿ ಜ್ವರದ ಭಯ ಹುಟ್ಟಿತು. ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಸಂಗಡಿಗರ ಹುಡುಕಾಟದಲ್ಲಿ ಸತ್ತ ಮಂಗಗಳಿಂದಲೇ ಹೊಸ ವೈರಸ್ ಸಿಕ್ಕಿತು. ಅದು ಮಿದುಳಿಗೆ ಉರಿಯೂತ ತರುವ ರಷ್ಯಾದ ವೈರಸ್‌ನ ಬಳಗದ್ದು. ಈ ರೋಗದಲ್ಲೂ ಜ್ವರ ಬಿಟ್ಟು ಚೇತರಿಸಿಕೊಂಡ ಕೆಲವರಿಗೆ ಒಂದೆರಡು ವಾರದಲ್ಲಿ ಮತ್ತೆ ಜ್ವರ ಮರುಕಳಿಸಿ, ಕುತ್ತಿಗೆ ಬಿಗಿದು, ಕೈ ನಡುಗುವುದುಂಟು.

ವೈರಸ್ ಹರಡುವ ಉಣುಗುಗಳನ್ನು ಹುಡುಕುವ ಮುಂದಿನ ಕೆಲಸ ನಡೆದದ್ದು ಕಾಡಿನಲ್ಲಿ. ಸಾಗರದಲ್ಲಿ ಕ್ಷೇತ್ರ ಕೇಂದ್ರ ಶುರುವಾಯಿತು. ತರಗೆಲೆಯ ಮೇಲೆ ಬಟ್ಟೆ ಎಳೆದು, ಅದಕ್ಕೆ ಅಂಟಿದ ಉಣುಗುಗಳನ್ನು ಚಿಮುಟದಿಂದ ಒಂದೊಂದಾಗಿ ಹೆಕ್ಕಬೇಕು. ಮರಿಗಳಂತೂ ಕಣ್ಣಿಗೆ ಬೀಳುವುದೇ ಕಷ್ಟ. ಕೀಟತಜ್ಞ ಪಿ. ಕೆ. ರಾಜಗೋಪಾಲನ್ ಅವರಂಥವರು ಈ ಕೆಲಸದಲ್ಲಿ ವರ್ಷಗಟ್ಟಲೆ ತೊಡಗಿದ್ದರು. ಕಾಡು ಕಡಿದು ಊರು ಬೆಳೆದು, ದನಗಳು ಅಲ್ಲಿ ಮೇಯತೊಡಗಿದ್ದರಿಂದ ಉಣುಗು ಹೆಚ್ಚಿತು ಎಂದು ಹೊರ್ಹೆ ಬೊಷೆಲ್ 1969ರಲ್ಲಿ ವಾದಿಸಿದರು. ಸೊಪ್ಪು, ದರಗು ತರಲು ಕಾಡಿಗೆ ಹೋಗುವವರಿಗೆ ರೋಗ ಯಾಕೆ ಬಡಿಯುತ್ತದೆ ಎಂಬುದು ಹೀಗೆ ಸ್ಪಷ್ಟವಾಯಿತು.

ಕೂಡಿ ಮಾಡಿದ್ದೆಲ್ಲ ಫಲಿಸಲಿಲ್ಲ. ರಷ್ಯಾದ ಆ ವೈರಸ್‌ಗೆಂದು ತಯಾರಾದ ಲಸಿಕೆಯನ್ನು ಇಲ್ಲಿನ ಜನರಿಗೆ ಕೊಟ್ಟು ನೋಡಿದರು, ರಕ್ಷಣೆ ಸಿಗಲಿಲ್ಲ. ಆಮೇಲೆ ನಮ್ಮಲ್ಲೇ ಬೆಳೆಸಿದ ಲಸಿಕೆ 1990ರಿಂದ ಬಳಕೆಗೆ ಬಂತು, ಬರುಬರುತ್ತಾ ಅದರ ಬಲವೂ ಕುಂದಿ 2022ರಲ್ಲಿ ನಿಂತಿತು.

ಸಾಗರ, ಸೊರಬ, ಶಿಕಾರಿಪುರಗಳಷ್ಟಕ್ಕೇ ಇದ್ದ ರೋಗ 1970ರ ದಶಕದಿಂದ ಹಬ್ಬುತ್ತಾ ಹೋಗಿ ಕೇರಳ, ತಮಿಳುನಾಡು, ಗೋವಾಗಳನ್ನೂ ಮುಟ್ಟಿದೆ. ರೋಗ ತಗುಲಿದ ನೂರು ಜನರಲ್ಲಿ 3ರಿಂದ 5 ಮಂದಿ ಸಾಯುತ್ತಾರೆ. ಇದಕ್ಕೆಂದೇ ಇರುವ ಔಷಧಿ ಇಲ್ಲ. ಸಂಶೋಧನಾ ಮಂಡಳಿ ಈಗ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಜೊತೆಗೂಡಿ ಹೊಸ ಲಸಿಕೆ ತಯಾರಿಸುತ್ತಿದೆ. 1957ರಲ್ಲಿ ರೋಗದ ಸುಳಿವು ಕೊಟ್ಟ ಮಲೆನಾಡಿನವರಿಗೆ ಅದು ಮೊದಲು ಸಲ್ಲಬೇಕು.

ಅಲ್ಲಿಯವರೆಗೆ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಹಾಕಿ, ಉಣುಗು ಕಚ್ಚದಂತೆ ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಹಚ್ಚಿಕೊಳ್ಳಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆಶಾ ಕಾರ್ಯಕರ್ತೆಗೆ ಅವತ್ತೇ ಹೇಳಿ.