ಉಕ್ಕು ಮುರಿಯುವ ಮುನ್ನ

ಸಿರುಗುಪ್ಪ, ಕುರುಗೋಡು ಸೀಮೆಯ ಭತ್ತದ ಗದ್ದೆಗಳಿಗೂ ಬಳ್ಳಾರಿ ನಗರಕ್ಕೂ ಕಾಲುವೆಗಳ ಮೂಲಕ ನೀರೊದಗಿಸುವ ತುಂಗಭದ್ರಾ ಜಲಾಶಯದ 33 ಕ್ರಸ್ಟ್‌ಗೇಟುಗಳ ಪೈಕಿ 19ನೆಯದರ ಸರಪಳಿಯು 2024ರ ಆಗಸ್ಟ್ 10ರ ರಾತ್ರಿ ತುಂಡಾಗಿ, ಗೇಟು ಪ್ರವಾಹದಲ್ಲಿ ಕೊಚ್ಚಿಹೋಯಿತು. ಆ ಸರಪಳಿ ಏಕೆ ತುಂಡಾಯಿತೆಂಬ ವಿಚಾರ ತಜ್ಞರದು. ಆದರೆ ಉಕ್ಕು ಮುರಿಯುವ ಮೂಲಕ್ರಿಯೆಯನ್ನು ಅರಿಯಬೇಕಾದರೆ ನಾವು ಅದರ ಸ್ಫಟಿಕಗಳ ಒಳಗೆ ಇಳಿಯಬೇಕು.

ಅಲ್ಲಿ ಪರಮಾಣುಗಳು ಸ್ತರಸ್ತರವಾಗಿ ಕ್ರಮಬದ್ಧವಾಗಿ ನಿಂತಿದ್ದರೂ, ಕೆಲವೆಡೆ ಒಂದು ಸ್ತರವು ಅರ್ಧದಲ್ಲಿಯೇ ನಿಂತುಹೋಗಿರುತ್ತದೆ. ಅದರ ಅಂಚಿನ ರೇಖೆಯೇ ಡಿಸ್‌ಲೊಕೇಶನ್. 1934ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಎಂಬ ಮೂವರು ವಿಜ್ಞಾನಿಗಳು ಪ್ರತ್ಯೇಕವಾಗಿ ಪ್ರತಿಪಾದಿಸಿದ ಈ ದೋಷದ ದೆಸೆಯಿಂದಲೇ, ಜಮಖಾನದ ಸುಕ್ಕನ್ನು ತಳ್ಳಿದಾಗ ಜಮಖಾನವೇ ಸುಲಭವಾಗಿ ಸರಿಯುವಂತೆ, ಲೋಹವು ಅಲ್ಪಬಲಕ್ಕೂ ಬಾಗುವುದು.

ಬಿರುಕಿನ ತುದಿಯಲ್ಲಿ ಡಿಸ್‌ಲೊಕೇಶನ್‌ಗಳು ಸರಾಗವಾಗಿ ಚಲಿಸಿದರೆ, ಆ ತುದಿ ಮೊಂಡಾಗಿ, ಅಲ್ಲಿನ ಒತ್ತಡ ತಗ್ಗಿ, ಲೋಹವು ಮುರಿಯುವ ಮುನ್ನ ಹಿಗ್ಗಿ ಎಚ್ಚರಿಕೆ ಕೊಡುತ್ತದೆ. ಇದನ್ನು ನಾನು ಲೋಹದ ಔದಾರ್ಯವೆಂದೇ ತಿಳಿಯುವೆನು. ಆದರೆ ಸ್ಫಟಿಕಕಣಗಳು ಒಂದಕ್ಕೊಂದು ಸಂಧಿಸುವ ಕಣಸೀಮೆಯಲ್ಲಿ ಡಿಸ್‌ಲೊಕೇಶನ್‌ಗಳು ತಡೆಯಲ್ಪಟ್ಟು ಒಂದರ ಹಿಂದೊಂದು ರಾಶಿಗೂಡಿದರೆ, ಅಲ್ಲಿಯೇ ಹೊಸ ಬಿರುಕು ಹುಟ್ಟಬಲ್ಲದು.

ಇನ್ನು, ಭಾರವು ಸಹಸ್ರಾರು ಸಲ ಏರಿ ಇಳಿದಾಗ, ಡಿಸ್‌ಲೊಕೇಶನ್‌ಗಳು ಹಿಂದುಮುಂದಾಗಿ ಚಲಿಸಿ, ಕೆಲವೇ ಪಟ್ಟಿಗಳಲ್ಲಿ ಸಾಂದ್ರಗೊಂಡು, ಮೇಲ್ಮೈಯಲ್ಲಿ ಸೂಕ್ಷ್ಮವಾದ ಉಬ್ಬುತಗ್ಗುಗಳನ್ನೆಬ್ಬಿಸಿ, ಬಿರುಕಿಗೆ ಎಡೆಮಾಡುವುವು. ಬರಿಗಣ್ಣಿಗೆ ಉಕ್ಕು ಆಗಲೂ ಗಟ್ಟಿಯಾಗಿಯೇ ತೋರುತ್ತದೆ. ಆದುದರಿಂದಲೇ ಅಣೆಕಟ್ಟಿನ ಸರಪಳಿಗಳನ್ನು ಕಣ್ಣಳತೆಯಿಂದ ನೋಡಿ ಬಿಡುವುದು ಸಾಲದು. ಶ್ರವಣಾತೀತ ತರಂಗಗಳನ್ನು ಹಾಯಿಸಿ ಒಳಬಿರುಕನ್ನು ಶೋಧಿಸುವ ಪರೀಕ್ಷೆ ಕಾಲಕಾಲಕ್ಕೆ ನಡೆಯಲೇಬೇಕು.